ತೆಂಗುಸೀಮೆಯ ಸ್ತ್ರೀಯರ ದಿನಚರ್ಯೆ ಮತ್ತು ಆರೋಗ್ಯ

ತುಮಕೂರು ಜಿಲ್ಲೆಯ ಪಶ್ಚಿಮಭಾಗದಲ್ಲಿ ಒಂದಕ್ಕೊಂದು ಹೊಂದಿಕೊಂಡಿರುವ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳು ಕಲ್ಪತರುನಾಡೆಂದು ಪ್ರಸಿದ್ಧವಾದ ತೆಂಗಿನ ಸೀಮೆಯ ಮುಖ್ಯಭಾಗಗಳು. ತುರುವೇಕೆರೆ ತಾಲ್ಲೂಕಿನ ದಂಡಿನಶಿವರ ಈ ಸೀಮೆಯ ಒಂದು ಹೋಬಳಿಯ ಕೇಂದ್ರ. ಬೆಂಗಳೂರು–ಅರಸೀಕೆರೆ ರೈಲುದಾರಿಯ ಅಮ್ಮಸಂದ್ರ ಅದಕ್ಕೆ ಸಮೀಪದ ನಿಲ್ದಾಣ. ತೋಟದಲ್ಲಿ ತೆಂಗು, ಅಡಕೆ, ಬಾಳೆ, ಹೊಲದಲ್ಲಿ ರಾಗಿ, ಹೆಸರು, ಹುರುಳಿ, ಅವರೆ, ಕೊಟ್ಟಿಗೆಯಲ್ಲಿ ಕರೆಯುವ ಹಸು, ಇವು ಮೂರೂ ಕೂಡಿ ನಡೆಯುವ ಸಂಸಾರ ಇಲ್ಲಿನ ಸಾಮಾನ್ಯ ಸಂಸಾರ; ಅದರ ದುಡಿಮೆಯ ಬಹುಭಾಗವನ್ನು ಹೊತ್ತವರು ಸ್ತ್ರೀಯರು. ಅವರ ನಿತ್ಯದ ದುಡಿಮೆ, ಉಣಿಸು, ವಿಶ್ರಾಂತಿ, ಆಚಾರವ್ಯವಹಾರಗಳು ದೇಹಾರೋಗ್ಯದ ಮೇಲೆ ಬೀರುವ ಪ್ರಭಾವವೂ, ಅದನ್ನು ಕಾಪಾಡಲು ಏರ್ಪಟ್ಟಿರುವ ಸಾರ್ವಜನಿಕ ವ್ಯವಸ್ಥೆಯೂ ಈ ಲೇಖನದ ವಿಷಯ. ಸತ್ತ್ವಯುತವಾದ ಧಾನ್ಯ, ಕಾಳು, ಸೊಪ್ಪು, ಹಾಲುಗಳು ಕೈಗೆಟಕುವಂತಿರುವ ಈ ನಾಡಿನಲ್ಲಿ ಸ್ತ್ರೀಯರ ಅಸ್ವಾಸ್ಥ್ಯಕ್ಕೆ ಪದಾರ್ಥಗಳ ಅಭಾವಕ್ಕಿಂತಲೂ ಅವರ ಪಾಲಿಗೆ ಬರುವ ಊಟ, ಹೊತ್ತು, ಬಿಡುವುಗಳ ಕೊರತೆಯೇ ಹೆಚ್ಚಿನ ಕಾರಣವೆಂಬುದು ಮುಂದಿನ ವಿವರಗಳಿಂದ ಸ್ಪಷ್ಟವಾಗುವುದು.

ದುಡಿಮೆಯ ದಿನ

ಬೆಳಗಿನ ಜಾವಕ್ಕೆ ಎದ್ದು, ಕಸ ಗುಡಿಸಿ, ಬಾಗಿಲಿಗೆ ನೀರು ಹಾಕಿ ರಂಗೋಲಿಯಿಟ್ಟು, ಕೊಟ್ಟಿಗೆಯ ಸಗಣಿ ಬಾಚಿ, ಹಾಲು ಕರೆದು ಡೈರಿಗೆ ಕಳುಹಿಸುವಷ್ಟರಲ್ಲಿ ಗೃಹಿಣಿಯ ದುಡಿಮೆಯ ಮೊದಲ ಸರದಿ ಮುಗಿಯುತ್ತದೆ. ತರುವಾಯ ಅಡುಗೆ, ಮಕ್ಕಳನ್ನು ಶಾಲೆಗೆ ಅಣಿಗೊಳಿಸುವುದು, ಹೊಲತೋಟಗಳ ಕಳೆ, ಮೇವಿನ ಹೊರೆ, ಸಂಜೆಯ ಹಾಲು, ರಾತ್ರಿಯ ಹಿಟ್ಟು, ಪಾತ್ರೆ, ಹೀಗೆ ಕೆಲಸದ ಮೇಲೆ ಕೆಲಸ ಸಾಗಿ, ಮನೆಯವರೆಲ್ಲ ಮಲಗಿದ ಮೇಲೆ ಆಕೆ ಮಲಗುವುದು ರೂಢಿ. ಈ ದುಡಿಮೆಯಲ್ಲಿ ಕೂಲಿಯ ಲೆಕ್ಕಕ್ಕೆ ಸಿಕ್ಕುವುದು ಅಲ್ಪಭಾಗ.

ನೆರೆಯ ಕುಣಿಗಲ್ ತಾಲ್ಲೂಕಿನಲ್ಲಿ ಈ ಅಗಣಿತ ಶ್ರಮವನ್ನು ಅಳೆದು ನೋಡಿದ ಒಂದು ಪ್ರಯತ್ನ ಉಲ್ಲೇಖಾರ್ಹವಾಗಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ 1974ರಲ್ಲಿ ಸ್ಥಾಪಿತವಾದ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರವು ಆ ತಾಲ್ಲೂಕಿನ ಉಂಗ್ರದಲ್ಲಿ ತನ್ನ ಶಾಖೆಯನ್ನು ತೆರೆಯಿತು. ಅಮೂಲ್ಯ ಕೆ. ಎನ್. ರೆಡ್ಡಿಯವರ ನೇತೃತ್ವದಲ್ಲಿ ವಿಜ್ಞಾನಿಗಳು ಸುತ್ತಣ ಹಳ್ಳಿಗಳಲ್ಲಿ ಯಾವ ಯಾವ ಕೆಲಸಕ್ಕೆ ಯಾರ ಎಷ್ಟು ಹೊತ್ತು ವ್ಯಯವಾಗುವುದೆಂಬುದನ್ನು ಮನೆಮನೆಗೂ ಹೋಗಿ ಗುರುತಿಸಿದರು. ಪುರ ಎಂಬ ಹಳ್ಳಿಯಲ್ಲಿ ವ್ಯಯವಾಗುತ್ತಿದ್ದ ಒಟ್ಟು ಮನುಷ್ಯಶ್ರಮದಲ್ಲಿ ಅರ್ಧಕ್ಕಿಂತ ಹೆಚ್ಚು ಸ್ತ್ರೀಯರದೆಂದೂ, ಗಂಡಸರದು ಮೂರನೆಯ ಒಂದು ಪಾಲಿಗಿಂತ ಕಡಮೆಯೆಂದೂ, ಉಳಿದುದು ಮಕ್ಕಳದೆಂದೂ ಆಗ ಕಂಡುಬಂದಿತು. ಸೌದೆ ತರುವುದು, ನೀರು ಹೊರುವುದು, ಅಡುಗೆ ಮಾಡುವುದು ಈ ಮೂರೇ ಆ ಶ್ರಮದ ಬಹುಭಾಗವನ್ನು ನುಂಗುತ್ತಿದ್ದುವು.

ತೆಂಗಿನ ಕಸುಬಿನಲ್ಲಿ ಮರವೇರಿ ಕಾಯಿ ಕೆಡಹುವುದು ಗಂಡಸರ ಕೆಲಸ. ಬಿದ್ದ ಕಾಯಿಯನ್ನು ಆಯ್ದು ಮಂಕರಿಯಲ್ಲಿ ಹೊತ್ತು ರಾಶಿಗೆ ಸೇರಿಸುವುದು ಬಹುಮಟ್ಟಿಗೆ ಹೆಂಗಸರದು. ತಿಪಟೂರಿನ ಮಾರುಕಟ್ಟೆಗೆ ದೇಶದಲ್ಲೆಲ್ಲ ಹೆಸರು ತಂದಿರುವ ಉಂಡೆಕೊಬ್ಬರಿಯನ್ನು ಸಿದ್ಧಪಡಿಸುವ ಕ್ರಮ ನಿಧಾನವಾದುದು. ಬಲಿತ ಕಾಯಿಯನ್ನು ಮಟ್ಟೆಸಹಿತ ಅಟ್ಟದ ಮೇಲೆ ಎಂಟರಿಂದ ಹನ್ನೆರಡು ತಿಂಗಳು ಇಟ್ಟಾಗ ಒಳಗಿನ ನೀರು ಇಂಗಿ, ತಿರುಳು ಕರಟವನ್ನು ಬಿಟ್ಟು, ಕಾಯಿಯನ್ನು ಅಲುಗಿಸಿದರೆ ಗಿಟುಕು ಒಳಗೆ ಗಡಗಡನೆ ಉರುಳಾಡುತ್ತದೆ. ಆಮೇಲೆ ಮಟ್ಟೆ ಸುಲಿದು, ಮಚ್ಚಿನ ಹಿಂಬದಿಯಿಂದ ಕರಟವನ್ನು ಮಾತ್ರ ಒಡೆದು, ಗಿಟುಕು ಸೀಳದಂತೆ ಇಡಿಯಾಗಿ ಬಿಡಿಸಬೇಕು. ಗಿಟುಕು ಒಡೆದರೆ ಬೆಲೆ ಬಿದ್ದುಹೋಗುವುದರಿಂದ ಕಣ್ಣು, ಕೈ, ಮಣಿಕಟ್ಟುಗಳು ಗಂಟೆಗಟ್ಟಲೆ ಎಚ್ಚರದಿಂದಿರಬೇಕಾಗುತ್ತದೆ. ಗರಿಯನ್ನು ಸೀಳಿ ಕಡ್ಡಿಪೊರಕೆ ಕಟ್ಟುವುದು, ಮಟ್ಟೆಯಿಂದ ನಾರು ಬಿಡಿಸುವ ಘಟಕಗಳಲ್ಲಿ ನಾರು ಒಣಗಿಸುವುದು, ಹುರಿ ಹೊಸೆಯುವುದು ಇವೂ ಹೆಂಗಸರ ಜೀವನೋಪಾಯಗಳೇ.

ಕುಳಿತು ಬಾಗಿ ಮಾಡುವ ಕೆಲಸದಿಂದ ಸೊಂಟ, ಮಂಡಿ, ಕತ್ತುಗಳ ನೋವು, ಒಂದೇ ಬಗೆಯ ಚಲನೆಯಿಂದ ಮಣಿಕಟ್ಟಿನ ಸೆಳೆತ, ನಾರಿನ ಪುಡಿಯಿಂದ ಕೆಮ್ಮು ಮತ್ತು ಚರ್ಮದ ತುರಿಕೆ ಸಂಭವಿಸುತ್ತವೆ. ಮೊಳಕಾಲೆತ್ತರದ ಮಣೆಯ ಮೇಲೆ ಕುಳಿತು ಕೆಲಸ ಮಾಡುವುದು, ಗಂಟೆಗೊಮ್ಮೆ ಎದ್ದು ಬೆನ್ನು ನೆಟ್ಟಗೆ ಮಾಡುವುದು, ಮೂಗುಬಾಯಿಗಳಿಗೆ ಬಟ್ಟೆ ಕಟ್ಟುವುದು, ಹೊರೆಯನ್ನು ಎರಡಾಗಿ ಹಂಚಿ ಹೊರುವುದು ಖರ್ಚಿಲ್ಲದ ಉಪಾಯಗಳು. ತಲೆಯ ಮೇಲೆ ಭಾರ ಹೊರುವ ಕೆಲಸವನ್ನು ಗರ್ಭಿಣಿಯರಿಗೂ ಹೆರಿಗೆಯಾಗಿ ಕೆಲವೇ ವಾರಗಳಾದವರಿಗೂ ಬಿಡಿಸಲೇಬೇಕು. ಹೊಟ್ಟೆಯ ತಳದ ಸ್ನಾಯುಗಳು ಸಡಿಲವಾಗಿರುವಾಗ ಭಾರವೆತ್ತುವುದು ಗರ್ಭಕೋಶ ಜಾರುವುದಕ್ಕೆ ದಾರಿಯಾಗುತ್ತದೆ.

ಒಲೆ ಮತ್ತು ಹೊಗೆ

ತೆಂಗಿನ ಸೀಮೆಯಲ್ಲಿ ಉರುವಲಿಗೆ ಬರವಿಲ್ಲ. ಮಟ್ಟೆ, ಒಣಗರಿ, ಕರಟ, ಹೊಂಬಾಳೆಗಳು ವರ್ಷವಿಡೀ ದೊರೆಯುತ್ತವೆ. ಇದೇ ಸೌಲಭ್ಯವು ಹೊಗೆಯ ಒಲೆಯನ್ನು ಬಹುಕಾಲ ಉಳಿಸಿಕೊಂಡುದಕ್ಕೆ ಕಾರಣವೂ ಹೌದು. ಎಸರು ಕುದಿಯುವಾಗ ರಾಗಿಹಿಟ್ಟನ್ನು ಸುರಿದು, ಪಾತ್ರೆಯನ್ನು ಕವೆಗೋಲಿನಿಂದ ಒತ್ತಿಹಿಡಿದು, ಹಿಟ್ಟಿನ ಕೋಲಿನಿಂದ ಗಂಟಿಲ್ಲದಂತೆ ತೊಳಸುವವಳು ತನ್ನ ಮೋರೆಯನ್ನು ಹಬೆ ಮತ್ತು ಹೊಗೆಗಳ ನಡುವೆ ಇಟ್ಟುಕೊಂಡೇ ಈ ಕೆಲಸ ಮಾಡಬೇಕಾಗುತ್ತದೆ. ದಿನಕ್ಕೆ ಎರಡು ಬಾರಿಯಂತೆ ಹತ್ತಾರು ವರ್ಷ ಹೀಗೆ ನಡೆದುದರ ಫಲವನ್ನು ಮುದುಕಿಯರ ಗೂರಲು, ಕಫ, ಕಣ್ಣಿನ ಪೊರೆಗಳಲ್ಲಿ ಕಾಣಬಹುದು.

1980ರ ದಶಕದಲ್ಲಿ ಮೇಲೆ ಹೇಳಿದ ಕೇಂದ್ರದವರು ರೂಪಿಸಿದ, ಮೂರು ಪಾತ್ರೆಗಳನ್ನು ಒಂದೇ ಉರಿಯ ಮೇಲೆ ಸಾಲಾಗಿ ಇಡಬಹುದಾದ, ಹೊಗೆಕೊಳವೆಯುಳ್ಳ ‘ಅಸ್ತ್ರ ಒಲೆ’ ಕರ್ನಾಟಕದ ಸಹಸ್ರಾರು ಅಡುಗೆಮನೆಗಳನ್ನು ಸೇರಿ, ಉರಿಯನ್ನು ಪೋಲಾಗಗೊಡದೆ ಹೊಗೆಯನ್ನು ಛಾವಣಿಯಿಂದಾಚೆಗೆ ಸಾಗಿಸಿತು. 2016ರಲ್ಲಿ ಕೇಂದ್ರಸರ್ಕಾರದ ಉಜ್ವಲಾ ಯೋಜನೆ ಆರಂಭವಾದ ತರುವಾಯ ಅಡುಗೆ ಅನಿಲ ಬಡವರ ಮನೆಗಳಿಗೂ ಬಂದಿದೆ. ಆದಾಗ್ಯೂ ಬಚ್ಚಲಿನ ಹಂಡೆಯ ಒಲೆಗೆ ಇಂದಿಗೂ ಮಟ್ಟೆಯೇ ಉರುವಲು; ಸಿಲಿಂಡರಿನ ಬೆಲೆ ಏರಿದಾಗ ರಾಗಿ ಬೇಯಿಸುವುದೂ ಹುರುಳಿ ಬೇಯಿಸುವುದೂ ಸೌದೆಯ ಒಲೆಗೆ ಮರಳುತ್ತವೆ. ಹಂಡೆಯ ಒಲೆಯ ಬಾಯನ್ನು ಬಚ್ಚಲಿನ ಹೊರಗೋಡೆಗೆ ತಿರುಗಿಸಿ ಕಟ್ಟುವುದು, ಮಟ್ಟೆಯನ್ನು ಚೆನ್ನಾಗಿ ಒಣಗಿಸಿ ಉರಿಸುವುದು, ಕೂಸನ್ನು ಕಂಕುಳಲ್ಲಿಟ್ಟುಕೊಂಡು ಒಲೆಯ ಮುಂದೆ ಕೂರದಿರುವುದು ಈಗಲೂ ಪ್ರಸ್ತುತವಾದ ಸಲಹೆಗಳು.

ಆಹಾರ

ರಾಗಿಮುದ್ದೆ, ಹುರುಳಿಸಾರು, ಬಸ್ಸಾರು, ಉಪ್ಪೆಸರು, ಅವರೆಕಾಳು, ಬೆರಕೆಸೊಪ್ಪು, ಮಜ್ಜಿಗೆ ಇವು ಈ ಸೀಮೆಯ ಮೂಲ ಆಹಾರ. ನೂರು ಗ್ರಾಂ ರಾಗಿಯಲ್ಲಿ ಸುಮಾರು 344 ಮಿಲಿಗ್ರಾಂ ಸುಣ್ಣಾಂಶವಿದೆ. ಅಕ್ಕಿ, ಗೋಧಿಗಳಲ್ಲಿ ಇರುವುದು ಇದರ ಅಲ್ಪಾಂಶ ಮಾತ್ರ. ವಯಸ್ಕ ಸ್ತ್ರೀಗೆ ದಿನಕ್ಕೆ 1,000 ಮಿಲಿಗ್ರಾಂ ಸುಣ್ಣಾಂಶ ಬೇಕೆಂಬುದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಈಚಿನ ಗಣನೆಯಾಗಿರುವುದರಿಂದ, ಎರಡು ಹೊತ್ತು ಮುದ್ದೆಯುಣ್ಣುವವಳಿಗೆ ಅದರಲ್ಲಿ ಅರ್ಧಕ್ಕಿಂತ ಹೆಚ್ಚು ರಾಗಿಯೊಂದರಿಂದಲೇ ಒದಗುತ್ತದೆಂದಾಯಿತು. ಹುರುಳಿಯಲ್ಲಿ ನೂರಕ್ಕೆ 22ರಷ್ಟು ಸಸಾರಜನಕವಿದೆ. ಮುಂಗಾರಿಗೂ ಮೊದಲೇ ಬಿತ್ತುವ ಹೆಸರು, ಹಿತ್ತಿಲ ನುಗ್ಗೆಸೊಪ್ಪು, ಹೊಲದ ಬದುವಿನ ಅಣ್ಣೆಸೊಪ್ಪು ಮತ್ತು ಹೊನಗೊನ್ನೆ, ಸಂಕ್ರಾಂತಿಯ ಎಳ್ಳುಬೆಲ್ಲ, ಬೇಸಗೆಯ ಹಲಸು, ಇವೆಲ್ಲವೂ ಸೇರಿದರೆ ದುಬಾರಿಯ ಟಾನಿಕ್ಕುಗಳ ಅಗತ್ಯ ಬಹುಮಂದಿಗೆ ಬೀಳದು.

ತೆಂಗಿನ ವಿಚಾರದಲ್ಲಿ ವಿವೇಚನೆ ಅವಶ್ಯ. ಹಸಿಕಾಯಿಯ ತುರಿ ರುಚಿಯನ್ನೂ ನಾರನ್ನೂ ಕೊಡುತ್ತದೆ. ಎಳನೀರು ಬಿಸಿಲಿನಲ್ಲಿ ದುಡಿದು ಬೆವರಿದವರಿಗೆ ಲವಣ ಮತ್ತು ನೀರುಗಳನ್ನು ಮರಳಿಸುವ ಸುಲಭಸಾಧನ, ಮೂತ್ರಪಿಂಡದ ರೋಗಿಗಳು ಮಾತ್ರ ಅದರಲ್ಲಿರುವ ಪೊಟಾಸಿಯಂ ಕಾರಣದಿಂದ ವೈದ್ಯರನ್ನು ಕೇಳಿ ಕುಡಿಯತಕ್ಕದ್ದು. ಕೊಬ್ಬರಿಯ ತೂಕದಲ್ಲಿ ನೂರಕ್ಕೆ ಅರವತ್ತಕ್ಕೂ ಹೆಚ್ಚು ಎಣ್ಣೆಯಿದೆ. ಕೊಬ್ಬರಿ ಎಣ್ಣೆಯಲ್ಲಿ ನೂರಕ್ಕೆ ಸುಮಾರು ತೊಂಬತ್ತು ಭಾಗ ಪರ್ಯಾಪ್ತ ಮೇದಾಮ್ಲಗಳಾಗಿದ್ದು, ಅದರ ಅರ್ಧದಷ್ಟು ಲಾರಿಕ್ ಆಮ್ಲ. ಹೊಲದಲ್ಲಿ ದಿನವಿಡೀ ದುಡಿಯುವವಳಿಗೆ ಚೂರು ಕೊಬ್ಬರಿ, ಚೂರು ಬೆಲ್ಲ ಒಳ್ಳೆಯ ತಿನಿಸು. ಕುಳಿತಲ್ಲೇ ಕೆಲಸ ಮಾಡುವವಳಿಗೂ ರಕ್ತದ ಕೊಬ್ಬು ಏರಿದವಳಿಗೂ ಅದೇ ಪದಾರ್ಥ ಮಿತದಲ್ಲಿರಬೇಕು.

ಕಳೆದ ಐವತ್ತು ವರ್ಷಗಳಲ್ಲಿ ಬೀಸುಕಲ್ಲು, ಒರಳು, ಒನಕೆಗಳು ಮೂಲೆ ಸೇರಿ, ಹಿಟ್ಟಿನ ಗಿರಣಿ ಮತ್ತು ಮಿಕ್ಸಿಗಳು ಬಂದುವು. ಇದರಿಂದ ಹೆಂಗಸರ ರಟ್ಟೆಗೆ ದೊರೆತ ಬಿಡುಗಡೆ ಸಣ್ಣದಲ್ಲ. ಅದಕ್ಕಾಗಿ ವಿಷಾದಿಸುವುದು ಅವಿವೇಕ. ಆದರೆ ಇದರೊಡನೆಯೇ ನ್ಯಾಯಬೆಲೆಯ ಅಕ್ಕಿ ಹೆಚ್ಚಿ ರಾಗಿ ಒಂದು ಹೊತ್ತಿಗೆ ಇಳಿದು, ಪಾಲಿಷ್ ಮಾಡಿದ ಅಕ್ಕಿ, ಪಾಮೆಣ್ಣೆ, ಬೇಕರಿ ತಿಂಡಿ, ಸಕ್ಕರೆಯ ಕಾಫಿ ಟೀಗಳು ಹಳ್ಳಿಗಳನ್ನು ಹೊಕ್ಕುವು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದೊಳಗಿನ ಸ್ತ್ರೀಯರಲ್ಲಿ ಅಧಿಕತೂಕದವರ ಪ್ರಮಾಣ 2015–16ರಲ್ಲಿ ಶೇ. 23.3 ಇದ್ದದ್ದು 2019–21ರಲ್ಲಿ ಶೇ. 30.1ಕ್ಕೆ ಏರಿತು, ಅದೇ ವೇಳೆಯಲ್ಲಿ ಶೇ. 17.2 ಮಂದಿ ತೂಕ ಸಾಲದವರಾಗಿಯೇ ಉಳಿದಿದ್ದರು. ಬೊಜ್ಜೂ ಕೃಶತೆಯೂ ಒಂದೇ ಕಾಲಕ್ಕೆ, ಕೆಲವೆಡೆ ಒಂದೇ ಬೀದಿಯಲ್ಲಿ, ನೆಲೆಸಿವೆ.

ರಕ್ತಹೀನತೆ

ಸ್ತ್ರೀಯರ ಕಾಯಿಲೆಗಳಲ್ಲಿ ಅತಿವ್ಯಾಪಕವಾದುದೂ ಅತಿನಿರ್ಲಕ್ಷಿತವಾದುದೂ ಇದು. ಮೇಲ್ಕಂಡ 2019–21ರ ಸಮೀಕ್ಷೆಯಲ್ಲಿ ರಾಜ್ಯದ ಶೇ. 47.8 ಸ್ತ್ರೀಯರು ರಕ್ತಹೀನರೆಂದು ಕಂಡುಬಂದರು. ಅದರ ಹಿಂದಿನ ಸಮೀಕ್ಷೆಯಲ್ಲಿ ಈ ಪ್ರಮಾಣ ಶೇ. 44.8 ಇದ್ದಿತು. ನೂರು ಮಿಲಿಲೀಟರ್ ರಕ್ತದಲ್ಲಿ ಹಿಮೋಗ್ಲೋಬಿನ್ 12 ಗ್ರಾಂಗಿಂತ, ಗರ್ಭಿಣಿಯರಲ್ಲಿ 11 ಗ್ರಾಂಗಿಂತ ಕಡಮೆಯಿದ್ದರೆ ಅದು ರಕ್ತಹೀನತೆ. ಸುಸ್ತು, ತಲೆಸುತ್ತು, ಏದುಸಿರು, ಕಾಲುಸೆಳೆತ, ಕೂದಲುದುರುವಿಕೆ, ಮಣ್ಣು ಅಥವಾ ಹಸಿ ಅಕ್ಕಿ ತಿನ್ನಬೇಕೆಂಬ ಬಯಕೆ ಇದರ ಲಕ್ಷಣಗಳು. ಇವೆಲ್ಲ ಕೆಲಸದ ಆಯಾಸವೆಂದೇ ಭಾವಿಸಲ್ಪಟ್ಟು ವರ್ಷಗಟ್ಟಲೆ ಪರೀಕ್ಷೆಗೆ ಬಾರದಿರುವುದುಂಟು.

ಮುಟ್ಟಿನ ರಕ್ತಸ್ರಾವದ ಕಾರಣದಿಂದ ಸ್ತ್ರೀಗೆ ದಿನಕ್ಕೆ 29 ಮಿಲಿಗ್ರಾಂ ಕಬ್ಬಿಣಾಂಶ ಬೇಕಾಗಿದ್ದರೆ ಪುರುಷನಿಗೆ 19 ಮಿಲಿಗ್ರಾಂ ಸಾಕು. ಹೆಚ್ಚು ಬೇಕಾದವಳು ಕಡೆಯಲ್ಲಿ ಉಣ್ಣುವ ಪದ್ಧತಿಯಲ್ಲಿ ಸಾರಿನ ಕಾಳೆಲ್ಲ ಮೊದಲಿನ ತಟ್ಟೆಗಳಿಗೆ ಬಿದ್ದು, ತಳದ ತಿಳಿಯೂ ಸೀಕಲೂ ಆಕೆಯ ಪಾಲಾಗುತ್ತವೆ. ಮೊಟ್ಟೆ, ಹಾಲು, ಬಾಡು ಇದ್ದ ಮನೆಯಲ್ಲಿಯೂ ಈ ಕ್ರಮ ತಪ್ಪಿದ್ದಲ್ಲ. ಇದರ ಮೇಲೆ ಸೋಮವಾರ, ಶನಿವಾರ, ಏಕಾದಶಿಗಳ ಒಪ್ಪೊತ್ತುಗಳು ಗಂಡಸರಿಗಿಂತ ಹೆಂಗಸರಿಗೇ ಹೆಚ್ಚು. ರಾಗಿ, ಕಾಳುಗಳಲ್ಲಿನ ಕಬ್ಬಿಣಾಂಶವನ್ನು ಅವುಗಳಲ್ಲೇ ಇರುವ ಫೈಟೇಟು ಮತ್ತು ಟ್ಯಾನಿನ್ನುಗಳು ಹಿಡಿದಿಡುವುದರಿಂದ ದೇಹಕ್ಕೆ ದಕ್ಕುವುದು ಸ್ವಲ್ಪವೇ. ಮೊಳಕೆ ಕಟ್ಟಿಸಿದರೆ, ಊಟದೊಡನೆ ನಿಂಬೆ, ನೆಲ್ಲಿ, ಸೀಬೆಗಳಂಥ ‘ಸಿ’ ಜೀವಸತ್ತ್ವದ ಪದಾರ್ಥ ಸೇರಿದರೆ ಆ ಪಾಲು ಹೆಚ್ಚುತ್ತದೆ, ಉಂಡೊಡನೆ ಟೀ ಕಾಫಿ ಕುಡಿದರೆ ಕುಂದುತ್ತದೆ. ತೋಟದ ಒದ್ದೆಮಣ್ಣಿನಲ್ಲಿ ಬರಿಗಾಲಲ್ಲಿ ನಡೆದಾಗ ಅಂಗಾಲಿನ ಚರ್ಮವನ್ನು ಕೊರೆದು ಒಳಸೇರುವ ಕೊಕ್ಕೆಹುಳು ಕರುಳಿನಲ್ಲಿ ನೆಲೆಸಿ ರಕ್ತ ಹೀರುವುದರಿಂದ ಚಪ್ಪಲಿ, ಶೌಚಾಲಯ, ಜಂತುಹುಳುವಿನ ಮಾತ್ರೆ ಇವು ಸಹ ರಕ್ತಹೀನತೆಯ ಚಿಕಿತ್ಸೆಗಳೇ.

ಕಬ್ಬಿಣಾಂಶದ ಮಾತ್ರೆಗಳನ್ನು ಉಚಿತವಾಗಿ ಹಂಚುವ ರಾಷ್ಟ್ರೀಯ ಕಾರ್ಯಕ್ರಮ 1970ರಿಂದ ಜಾರಿಯಲ್ಲಿದ್ದು, 2018ರಲ್ಲಿ ರಕ್ತಹೀನತೆಮುಕ್ತ ಭಾರತ ಎಂಬ ಹೆಸರಿನಲ್ಲಿ ಹೊಸರೂಪ ತಳೆಯಿತು. ಕಿಶೋರಿಯರಿಗೆ ವಾರಕ್ಕೊಂದು ನೀಲಿ ಮಾತ್ರೆ, ಗರ್ಭಿಣಿಗೆ 180 ದಿನವೂ ಬಾಣಂತಿಗೆ ಮತ್ತೆ 180 ದಿನವೂ ದಿನಕ್ಕೊಂದು ಕೆಂಪು ಮಾತ್ರೆ ಎಂಬುದು ಅದರ ಕ್ರಮ. ಮಲ ಕಪ್ಪಾಗುವುದನ್ನೂ ಹೊಟ್ಟೆ ತೊಳಸುವುದನ್ನೂ ಕಂಡು ಹೆದರಿ ಮಾತ್ರೆ ಬಿಡುವವರು ಅನೇಕರು. ಇವು ಅಪಾಯದ ಚಿಹ್ನೆಗಳಲ್ಲ, ರಾತ್ರಿ ಊಟವಾದ ಮೇಲೆ ನುಂಗಿದರೆ ತೊಂದರೆ ಕಡಮೆಯಾಗುತ್ತದೆ. ಸುಣ್ಣಾಂಶದ ಮಾತ್ರೆಯನ್ನು ಮಾತ್ರ ಅದೇ ಹೊತ್ತಿಗೆ ನುಂಗಕೂಡದು.

ಕೌಮಾರ ಮತ್ತು ಋತುಧರ್ಮ

ಹುಡುಗಿ ಮೈನೆರೆದಾಗ ಸೋದರಮಾವನ ಕೈಯಿಂದ ಹಸುರುಸೊಪ್ಪಿನ ಗುಡ್ಲು ಹಾಕಿಸಿ, ಆರತಿ ಎತ್ತಿ, ಎಳ್ಳಿನ ಚಿಗಳಿ, ಕೊಬ್ಬರಿ, ಬೆಲ್ಲ, ತುಪ್ಪಗಳನ್ನು ತಿನ್ನಿಸುವ ಸಂಪ್ರದಾಯ ಹಳೆಯ ಮೈಸೂರು ಸೀಮೆಯ ಅನೇಕ ಕುಲಗಳಲ್ಲಿದೆ. ಎಳ್ಳು ಸುಣ್ಣಾಂಶ ಕಬ್ಬಿಣಾಂಶಗಳೆರಡರಲ್ಲಿಯೂ ಸಮೃದ್ಧವಾಗಿರುವುದರಿಂದ ಈ ಉಪಚಾರದ ಆಹಾರಭಾಗ ಪ್ರಶಂಸನೀಯ. ಆ ಕೆಲವು ದಿನಗಳ ಆದರ ಮುಂದಿನ ವರ್ಷಗಳಿಗೂ ವಿಸ್ತರಿಸದಿರುವುದೇ ಕೊರತೆ. ಪ್ರತ್ಯೇಕವಾಗಿರಿಸುವ ಭಾಗವಾದರೋ ಖಂಡನೀಯ. ತುಮಕೂರು, ಚಿತ್ರದುರ್ಗ ಜಿಲ್ಲೆಗಳ ಕೆಲವು ಗೊಲ್ಲರಹಟ್ಟಿಗಳಲ್ಲಿ ಮುಟ್ಟಾದವರನ್ನೂ ಹಸಿಬಾಣಂತಿಯರನ್ನೂ ಹಟ್ಟಿಯ ಹೊರಗಿನ ಗುಡಿಸಿಲಿನಲ್ಲಿ ಇರಿಸುವ ರೂಢಿ ಇನ್ನೂ ಅಳಿದಿಲ್ಲ. 2023ರ ಜುಲೈಯಲ್ಲಿ ತುಮಕೂರು ತಾಲ್ಲೂಕಿನ ಹಟ್ಟಿಯೊಂದರಲ್ಲಿ ಹೀಗೆ ಮಳೆಗಾಳಿಗೆ ಸಿಕ್ಕ ಹಸುಗೂಸೊಂದು ತೀರಿಕೊಂಡ ಬಳಿಕ ಈ ವಿಷಯ ರಾಜ್ಯದ ಗಮನ ಸೆಳೆಯಿತು.

ಮುಟ್ಟಿನ ಬಟ್ಟೆಯನ್ನು ಬಳಸುವುದು ದೋಷವಲ್ಲ. ಅದನ್ನು ನಾಚಿಕೆಯಿಂದ ಕತ್ತಲ ಮೂಲೆಯಲ್ಲಿ ಒಣಹಾಕುವುದು ದೋಷ. ಸಾಬೂನಿನಿಂದ ಒಗೆದು ಬಿಸಿಲಿನಲ್ಲಿ ಒಣಗಿಸಿದ ಹತ್ತಿಬಟ್ಟೆ ನಿರಪಾಯಕರ; ಬಟ್ಟೆಯಾಗಲಿ ಪ್ಯಾಡಾಗಲಿ ನಾಲ್ಕರಿಂದ ಆರು ಗಂಟೆಗೊಮ್ಮೆ ಬದಲಿಸಬೇಕು. ರಾಜ್ಯಸರ್ಕಾರ 2013–14ರಲ್ಲಿ ಆರಂಭಿಸಿದ ‘ಶುಚಿ’ ಯೋಜನೆಯಿಂದ ಶಾಲೆಯ ಹೆಣ್ಣುಮಕ್ಕಳಿಗೆ ಪ್ಯಾಡುಗಳು ದೊರೆಯತೊಡಗಿದುವು. 2025ರ ಅಕ್ಟೋಬರಿನಲ್ಲಿ ರಾಜ್ಯ ಸಚಿವಸಂಪುಟವು ಉದ್ಯೋಗಸ್ಥ ಸ್ತ್ರೀಯರಿಗೆ ತಿಂಗಳಿಗೊಂದು ದಿನ ಸಂಬಳಸಹಿತ ಋತುಚಕ್ರ ರಜೆಯನ್ನು ಒಪ್ಪಿತು. ದಿನಗೂಲಿಯ ಮೇಲೆ ಕಾಯಿ ಹೊರುವವಳಿಗೂ ತನ್ನ ತೋಟದಲ್ಲೇ ದುಡಿಯುವವಳಿಗೂ ಆ ರಜೆಯನ್ನು ಕೊಡಬೇಕಾದವರು ಮನೆಯವರೇ. ಮುಟ್ಟು ಏಳು ದಿನಕ್ಕಿಂತ ಹೆಚ್ಚು ಹರಿಯುವುದು, ಗಡ್ಡೆಗಡ್ಡೆಯಾಗಿ ಹೋಗುವುದು, ತಿಂಗಳುಗಟ್ಟಲೆ ಆಗದಿರುವುದು, ಅದರ ಜೊತೆಗೆ ಮೊಡವೆ, ಗಡ್ಡದ ಕೂದಲು, ತೂಕದ ಏರಿಕೆ ಕಾಣುವುದು ವೈದ್ಯಪರೀಕ್ಷೆಗೆ ಅರ್ಹವಾದ ಸಂಗತಿಗಳು.

ಬಾಲ್ಯವಿವಾಹವೂ ಆರೋಗ್ಯದ ಪ್ರಶ್ನೆಯೇ. ಎಂಟು ವರ್ಷಕ್ಕೂ ಕಡಮೆಯ ಹುಡುಗಿಯರ ಮದುವೆಯನ್ನು ಮೈಸೂರು ಸಂಸ್ಥಾನ 1894ರಲ್ಲಿಯೇ ಶಾಸನದಿಂದ ನಿಷೇಧಿಸಿತ್ತು. ಇಂದು ಹದಿನೆಂಟು ತುಂಬದವಳ ಮದುವೆ ಕರ್ನಾಟಕದ 2016ರ ತಿದ್ದುಪಡಿಯ ಮೇರೆಗೆ ಮೊದಲಿನಿಂದಲೇ ಅಸಿಂಧು. ಆದರೂ 2019–21ರಲ್ಲಿ ರಾಜ್ಯದ 20ರಿಂದ 24 ವರ್ಷದ ಸ್ತ್ರೀಯರಲ್ಲಿ ಶೇ. 21.3 ಮಂದಿ ಹದಿನೆಂಟಕ್ಕೆ ಮುನ್ನವೇ ಮದುವೆಯಾದವರಾಗಿದ್ದರು.

ಬಸಿರು, ಹೆರಿಗೆ, ಬಾಣಂತನ

ಹಿಂದೆ ಹೆರಿಗೆಗಳೆಲ್ಲ ಮನೆಯಲ್ಲಿಯೇ, ಸೂಲಗಿತ್ತಿಯ ಕೈಯಲ್ಲಿಯೇ ನಡೆಯುತ್ತಿದ್ದುವು. ಇದೇ ಜಿಲ್ಲೆಯ ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರು ತಮ್ಮ ಅಜ್ಜಿಯಿಂದ ವಿದ್ಯೆ ಕಲಿತು, ಕೂಲಿ ಕೇಳದೆ ಹದಿನೈದು ಸಹಸ್ರಕ್ಕೂ ಮಿಕ್ಕಿ ಹೆರಿಗೆಗಳನ್ನು ಮಾಡಿಸಿದವರೆಂದು ಪ್ರಖ್ಯಾತರಾಗಿ, 2018ರಲ್ಲಿ ಪದ್ಮಶ್ರೀ ಪ್ರಶಸ್ತಿಗೆ ಭಾಜನರಾಗಿ, ಅದೇ ವರ್ಷದ ಡಿಸೆಂಬರ್ 25ರಂದು ನಿಧನ ಹೊಂದಿದರು. 2019–21ರ ಸಮೀಕ್ಷೆಯ ವೇಳೆಗೆ ರಾಜ್ಯದ ಹೆರಿಗೆಗಳಲ್ಲಿ ಶೇ. 97 ಆಸ್ಪತ್ರೆಗಳಲ್ಲಿ ನಡೆಯುತ್ತಿದ್ದುವು; ಒಂದು ಲಕ್ಷ ಜೀವಂತ ಜನನಗಳಿಗೆ ತಾಯಂದಿರ ಮರಣ 2016–18ರ ಗಣನೆಯಲ್ಲಿ 92 ಇದ್ದದ್ದು 2018–20ರಲ್ಲಿ 69ಕ್ಕೆ ಇಳಿಯಿತು. ಇದರ ಮಗ್ಗುಲಲ್ಲಿಯೇ ಸಿಸೇರಿಯನ್ ಹೆರಿಗೆಗಳು ಅದೇ ಸಮೀಕ್ಷೆಯಲ್ಲಿ ಶೇ. 31.5 ತಲುಪಿದ್ದುದು ವಿಚಾರಾರ್ಹ.

ಬಾಣಂತನವನ್ನು ತವರಿನಲ್ಲಿ ಮೂರರಿಂದ ಐದು ತಿಂಗಳು ನಡೆಸುವ ಪದ್ಧತಿ ಈ ನಾಡಿನ ಸ್ತ್ರೀಗೆ ಆಯುಷ್ಯದಲ್ಲಿ ದೊರೆಯುವ ದೀರ್ಘವಾದ ಏಕೈಕ ವಿಶ್ರಾಂತಿ. ಎಣ್ಣೆನೀರು, ಮೈಯೊತ್ತುವುದು, ಬೆಳ್ಳುಳ್ಳಿ, ಮೆಣಸು, ಸಬ್ಬಸಿಗೆ ಸೊಪ್ಪು, ಕೊಬ್ಬರಿಬೆಲ್ಲ, ಅಂಟಿನುಂಡೆ, ಬಿಸಿಯೂಟ, ಹೊತ್ತಿಗೆ ಸರಿಯಾದ ನಿದ್ರೆ ಇವು ಅದರ ಗುಣಪಕ್ಷ. ಮಗುವಿಗೆ ಶೀತವಾಗುವುದೆಂದು ಬಾಣಂತಿಗೆ ನೀರು ಕಡಮೆ ಕೊಡುವುದು, ಸೊಪ್ಪು ಹಣ್ಣುಗಳನ್ನು ವರ್ಜಿಸುವುದು, ಮೊದಲ ದಿನಗಳ ಹಳದಿ ಹಾಲನ್ನು ಹಿಂಡಿ ಚೆಲ್ಲುವುದು, ಕಿಟಕಿಯಿಲ್ಲದ ಕೋಣೆಯಲ್ಲಿ ಕೆಂಡದ ಹೊಗೆ ಹಾಕುವುದು, ಇವು ಅದರ ದೋಷಪಕ್ಷ. ಹಾಲೂಡುವವಳಿಗೆ ನೀರು ಹೆಚ್ಚೇ ಬೇಕು. ಹಳದಿ ಹಾಲು ಕೂಸಿಗೆ ದೊರೆಯುವ ಮೊದಲ ರೋಗನಿರೋಧಕ, ಹುಟ್ಟಿದ ಒಂದು ಗಂಟೆಯೊಳಗೆ ಅದನ್ನು ಕುಡಿಸುವುದೇ ಶ್ರೇಯಸ್ಕರ. ಹೆರಿಗೆಯ ಬಳಿಕ ಕೆಲವು ದಿನ ಮನಸ್ಸು ಕಳವಳಗೊಳ್ಳುವುದು ಸಹಜ. ಎರಡು ವಾರ ಮೀರಿಯೂ ಅಳು, ನಿದ್ರಾನಾಶ, ಮಗುವಿನಲ್ಲಿ ಅನಾಸಕ್ತಿ ಮುಂದುವರಿದರೆ ಅದು ಗ್ರಹಚಾರವಲ್ಲ, ಚಿಕಿತ್ಸೆಯಿಂದ ಗುಣವಾಗುವ ಖಿನ್ನತೆ.

ನಡುವಯಸ್ಸು ಮತ್ತು ಮುಪ್ಪು

ನಲವತ್ತೈದರಿಂದ ಐವತ್ತರ ಸುಮಾರಿಗೆ ಮುಟ್ಟು ನಿಲ್ಲುವ ಕಾಲದಲ್ಲಿ ಮೈಬಿಸಿ, ಬೆವರು, ನಿದ್ರಾಭಂಗ, ಸಿಡುಕು, ಮೂಳೆಸವೆತ ಕಾಣಿಸಿಕೊಳ್ಳುತ್ತವೆ. ಇವನ್ನು ಗರ್ಭಕೋಶದ ರೋಗವೆಂದು ಭ್ರಮಿಸಿ ಅದನ್ನೇ ತೆಗೆಸಿಬಿಡುವ ಪ್ರವೃತ್ತಿ ಬೆಳೆದಿದೆ. ರಾಜ್ಯದ ಕಲಬುರಗಿ, ಹಾವೇರಿ ಜಿಲ್ಲೆಗಳಲ್ಲಿ ಬಡಸ್ತ್ರೀಯರಿಗೆ ಅನಗತ್ಯವಾಗಿ ಇಂಥ ಶಸ್ತ್ರಕ್ರಿಯೆಗಳು ನಡೆದ ದೂರುಗಳು ಬಂದು ವಿಚಾರಣೆಗಳಾಗಿವೆ. ಎರಡನೆಯ ವೈದ್ಯರ ಅಭಿಪ್ರಾಯ ಪಡೆಯದೆ ಯಾರೂ ಇದಕ್ಕೆ ಒಪ್ಪಬಾರದು. ಇದಕ್ಕೆ ಪ್ರತಿಯಾಗಿ, ಮುಟ್ಟು ನಿಂತು ಒಂದು ವರ್ಷವಾದ ಮೇಲೆ ಮತ್ತೆ ರಕ್ತ ಕಂಡರೆ, ದುರ್ವಾಸನೆಯ ಬಿಳಿಸೆರಗು ಕಂಡರೆ, ಮೊಲೆಯಲ್ಲಿ ನೋವಿಲ್ಲದ ಗಂಟು ಸಿಕ್ಕಿದರೆ ಒಂದು ವಾರವೂ ತಡಮಾಡಕೂಡದು. ಗರ್ಭಕೊರಳಿನ ಕ್ಯಾನ್ಸರು ಲಸಿಕೆಯಿಂದ ತಡೆಯಬಹುದಾದುದು. ಒಂಬತ್ತರಿಂದ ಹದಿನಾಲ್ಕು ವರ್ಷದೊಳಗೆ ಹಾಕಿಸಿದರೆ ಲಸಿಕೆ ಹೆಚ್ಚು ಫಲಕಾರಿ. ಮೂವತ್ತು ದಾಟಿದವರೆಲ್ಲರೂ ರಕ್ತದೊತ್ತಡ, ಸಕ್ಕರೆ, ಬಾಯಿ, ಮೊಲೆ, ಗರ್ಭಕೊರಳುಗಳ ತಪಾಸಣೆಯನ್ನು ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಕೇಳಿ ಮಾಡಿಸಿಕೊಳ್ಳಬಹುದು.

ಎಲೆಅಡಕೆ, ಹೊಗೆಸೊಪ್ಪು, ಕಡ್ಡಿಪುಡಿಗಳ ಅಭ್ಯಾಸ ವಯಸ್ಸಾದ ಹೆಂಗಸರಲ್ಲಿ ಇನ್ನೂ ಉಳಿದಿದೆ. ಹಸಿವನ್ನೂ ಹಲ್ಲುನೋವನ್ನೂ ಮರೆಸುವುದಕ್ಕಾಗಿ ಹಿಡಿದ ಅಭ್ಯಾಸವಿದು. ಹೊಗೆಸೊಪ್ಪು ಸೇರಿದ ತಾಂಬೂಲವಷ್ಟೇ ಅಲ್ಲದೆ ಬರಿಯ ಅಡಕೆಯೂ ಕ್ಯಾನ್ಸರುಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನ ಸಂಸ್ಥೆ 2004ರಲ್ಲಿ ನಿರ್ಣಯಿಸಿತು. ಅಡಕೆಯನ್ನೂ ಬೆಳೆಯುವ ಈ ಸೀಮೆಯಲ್ಲಿ ಇದು ಅಪ್ರಿಯ ಸತ್ಯ. ಬಾಯಿ ಪೂರಾ ತೆರೆಯಲಾಗದಿರುವುದು, ಮೂರು ವಾರದಲ್ಲಿ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ ಅದರ ಮುನ್ಸೂಚನೆಗಳು.

ನೀರು

ಕೊಳವೆಬಾವಿಗಳ ಆಳ ಹೆಚ್ಚಿದಂತೆ ನೀರಿನಲ್ಲಿ ಲವಣಗಳೂ ಹೆಚ್ಚಿದುವು. ಪಾವಗಡ ಮೊದಲಾಗಿ ತುಮಕೂರು ಜಿಲ್ಲೆಯ ಹಲವೆಡೆ ಅಂತರ್ಜಲದಲ್ಲಿ ಫ್ಲೋರೈಡು ಲೀಟರಿಗೆ 1.5 ಮಿಲಿಗ್ರಾಂ ಎಂಬ ಮಿತಿಯನ್ನು ಮೀರಿದೆ. ಇದರಿಂದ ಮಕ್ಕಳ ಹಲ್ಲು ಕಂದುಗಟ್ಟುವುದೂ ದೊಡ್ಡವರ ಕೀಲುಗಳು ಬಿಗಿಯುವುದೂ ಉಂಟು. ಆದ್ದರಿಂದ ಪರೀಕ್ಷೆಯಾದ ನೀರನ್ನು ಮಾತ್ರ ಕುಡಿಯಬೇಕು. ಶೌಚಾಲಯವಿಲ್ಲದ ಹೊಲತೋಟಗಳಲ್ಲಿ ದಿನವಿಡೀ ದುಡಿಯುವ ಹೆಂಗಸರು ಮರೆ ಸಿಕ್ಕದೆಂಬ ಕಾರಣಕ್ಕೆ ನೀರು ಕುಡಿಯುವುದನ್ನೇ ಕಡಮೆ ಮಾಡುತ್ತಾರೆ. ಉರಿಮೂತ್ರ, ಮೂತ್ರನಾಳದ ಸೋಂಕು, ಕಲ್ಲುಗಳಿಗೆ ಇದೇ ಮೂಲ. ಪ್ರತಿ ತೋಟದ ಪಂಪುಮನೆಯ ಪಕ್ಕದಲ್ಲಿ ಒಂದು ಚಿಕ್ಕ ಮರೆಯಾದರೂ ಇದ್ದರೆ ಇದು ತಪ್ಪುತ್ತದೆ.

ಸಾರ್ವಜನಿಕ ವ್ಯವಸ್ಥೆ

ಸ್ತ್ರೀಯರ ಆರೋಗ್ಯವನ್ನು ರಾಜ್ಯದ ಹೊಣೆಯೆಂದು ಮೈಸೂರು ಸಂಸ್ಥಾನ ಬಹುಬೇಗ ಅಂಗೀಕರಿಸಿತು. 1930ರಲ್ಲಿ ಸರ್ಕಾರಿ ಆಸ್ಪತ್ರೆಗಳಲ್ಲಿ ಸಂತಾನನಿಯಂತ್ರಣದ ಸಲಹಾಕೇಂದ್ರಗಳನ್ನು ತೆರೆಯಲು ಅದು ಅನುಮತಿ ನೀಡಿದುದು ಜಗತ್ತಿನಲ್ಲಿಯೇ ಸರ್ಕಾರವೊಂದು ಇಟ್ಟ ಮೊದಲ ಇಂಥ ಹೆಜ್ಜೆಗಳಲ್ಲಿ ಒಂದೆಂದು ಪರಿಗಣಿತವಾಗಿದೆ. 1935ರಲ್ಲಿ ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆ ಆರಂಭವಾಯಿತು. 1975ರ ಅಕ್ಟೋಬರ್ 2ರಂದು ದೇಶದಲ್ಲಿ ಅಂಗನವಾಡಿಗಳ ಯೋಜನೆ ಪ್ರಾರಂಭವಾದಾಗ ಮೈಸೂರು ಜಿಲ್ಲೆಯ ತಿ. ನರಸೀಪುರ ಮೊದಲ 33 ಕ್ಷೇತ್ರಗಳಲ್ಲೊಂದಾಗಿತ್ತು. 2017ರಲ್ಲಿ ‘ಮಾತೃಪೂರ್ಣ’ ಯೋಜನೆಯಡಿ ಗರ್ಭಿಣಿ ಬಾಣಂತಿಯರಿಗೆ ಅಂಗನವಾಡಿಯಲ್ಲಿ ಬಿಸಿಯೂಟ ಏರ್ಪಟ್ಟಿತು. ಈಗ ಬಯಲುನಾಡಿನಲ್ಲಿ ಐದು ಸಾವಿರ ಜನಕ್ಕೊಂದು ಉಪಕೇಂದ್ರ, ಮೂವತ್ತು ಸಾವಿರಕ್ಕೊಂದು ಪ್ರಾಥಮಿಕ ಆರೋಗ್ಯ ಕೇಂದ್ರ ಇರಬೇಕೆಂಬುದು ನಿಯಮ. ತುರುವೇಕೆರೆ, ತಿಪಟೂರು, ಚಿಕ್ಕನಾಯಕನಹಳ್ಳಿಗಳಲ್ಲಿ ಸಾರ್ವಜನಿಕ ಆಸ್ಪತ್ರೆಗಳೂ ತುಮಕೂರಿನಲ್ಲಿ ಜಿಲ್ಲಾ ಆಸ್ಪತ್ರೆಯೂ ಇವೆ. ಮನೆಬಾಗಿಲಿಗೆ ಬರುವ ಆಶಾ ಕಾರ್ಯಕರ್ತೆ ಈ ಎಲ್ಲಕ್ಕೂ ಕೊಂಡಿ. ಮನೋವ್ಯಥೆಗೆ ಸಲಹೆ ನೀಡುವ ಟೆಲಿಮಾನಸ್ ಸೇವೆ 14416 ಸಂಖ್ಯೆಯಲ್ಲಿ ಕನ್ನಡದಲ್ಲಿಯೂ ದೊರೆಯುತ್ತದೆ. 2000ರಲ್ಲಿ ಮೊದಲಾದ ಸ್ತ್ರೀಶಕ್ತಿ ಗುಂಪುಗಳ ವಾರದ ಸಭೆಗಳು ಸಾಲ ಉಳಿತಾಯಗಳ ಜೊತೆಗೆ ಕಷ್ಟಸುಖ ಹಂಚಿಕೊಳ್ಳುವ ತಾಣಗಳೂ ಆಗಿವೆ. 2023ರ ಜೂನ್ 11ರಂದು ಜಾರಿಯಾದ ‘ಶಕ್ತಿ’ ಯೋಜನೆಯ ಉಚಿತ ಬಸ್ ಪ್ರಯಾಣ ಗಂಡಸರ ಕೈನೋಡದೆ ತಾಲ್ಲೂಕು ಆಸ್ಪತ್ರೆಗೆ ಹೋಗಿಬರುವುದನ್ನು ಸುಲಭಗೊಳಿಸಿದೆ.

ಕನ್ನಡದಲ್ಲಿ ಈ ವಿಷಯವನ್ನು ಮನೆಮನೆಗೆ ಮುಟ್ಟಿಸಿದ ಲೇಖಕಿಯರಲ್ಲಿ ವೈದ್ಯೆಯೂ ಕಾದಂಬರಿಗಾರ್ತಿಯೂ ಆಗಿದ್ದ ಅನುಪಮಾ ನಿರಂಜನ (1934–1991) ಅಗ್ರಗಣ್ಯರು; ಅವರ ‘ತಾಯಿ ಮಗು’, ‘ಕೇಳು ಕಿಶೋರಿ’, ‘ಸ್ತ್ರೀ ಸ್ವಾಸ್ಥ್ಯ ಸಂಹಿತೆ’ ಗ್ರಂಥಗಳು ಹೇಳಲು ನಾಚುತ್ತಿದ್ದ ಸಂಗತಿಗಳನ್ನು ತಿಳಿಗನ್ನಡದಲ್ಲಿ ಹೇಳಿದುವು.

ಅನುಸರಿಸಬೇಕಾದ ಕ್ರಮ

ಮೇಲಿನ ಪರಿಶೀಲನೆಯಿಂದ ಸಿದ್ಧವಾಗುವ ಉಪದೇಶ ಸಂಕ್ಷೇಪವಾದುದು. ರಾಗಿ, ಕಾಳು, ಸೊಪ್ಪುಗಳನ್ನು ಬಿಡದಿರುವುದು. ಊಟಕ್ಕೂ ಟೀ ಕಾಫಿಗೂ ಒಂದು ಗಂಟೆಯ ಅಂತರವಿಡುವುದು. ಕುಳಿತು ಕೆಲಸ ಮಾಡುವವರು ದಿನಕ್ಕೆ ಅರ್ಧಗಂಟೆ ಬಿರುಸಾಗಿ ನಡೆಯುವುದು, ಬಾಗಿ ಕೆಲಸ ಮಾಡುವವರು ಮಧ್ಯಾಹ್ನ ಅರ್ಧಗಂಟೆ ಬೆನ್ನು ಚಾಚುವುದು. ಏಳು ಗಂಟೆಯ ನಿದ್ರೆ. ವರ್ಷಕ್ಕೊಮ್ಮೆ ರಕ್ತದ ಪರೀಕ್ಷೆ. ಇವುಗಳಲ್ಲಿ ಯಾವುದೂ ಹೆಚ್ಚು ಹಣ ಬೇಡುವುದಿಲ್ಲ. ಆದರೆ ಒಂದೂ ಗೃಹಿಣಿಯೊಬ್ಬಳಿಂದಲೇ ನೆರವೇರತಕ್ಕದ್ದಲ್ಲ. ಅರ್ಧಗಂಟೆಯ ಬಿಡುವು ಆಕೆಗೆ ಸಿಕ್ಕಬೇಕಾದರೆ ಅಷ್ಟು ಹೊತ್ತಿನ ಕೆಲಸವನ್ನು ಮನೆಯಲ್ಲಿ ಇನ್ನೊಬ್ಬರು ಮಾಡಬೇಕಾಗುತ್ತದೆ. ಅಂಗನವಾಡಿಯ ಮೊಟ್ಟೆ, ಆಶಾ ಕೊಟ್ಟ ಮಾತ್ರೆ, ಆಸ್ಪತ್ರೆಯ ಚೀಟಿಗಳಿಂದ ಸರ್ಕಾರ ಮಾಡಬಹುದಾದುದಕ್ಕೆ ಮಿತಿಯುಂಟು; ರಾತ್ರಿಯ ಊಟಕ್ಕೆ ಎಲ್ಲರೊಡನೆ ಆಕೆಯ ತಟ್ಟೆಯನ್ನೂ ಇಟ್ಟು, ಕಾಳನ್ನು ಸಮನಾಗಿ ಬಡಿಸುವ ಕೆಲಸವನ್ನು ಪ್ರತಿಯೊಂದು ಮನೆಯೂ ತಾನೇ ಮಾಡತಕ್ಕದ್ದು.